ತುರ್ತು ಘಟಕಕ್ಕೆ ಪದೇ ಪದೇ ಬರುವವರು ಮತ್ತು ಅವರ ಬೆನ್ನಿಗೆ ಬೇಕಾದ ಒಬ್ಬ ನರ್ಸ್

ಬೆಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಯ ಕ್ಯಾಷುಯಾಲ್ಟಿಯಲ್ಲಿ ರಾತ್ರಿ ಪಾಳಿ ಮಾಡುವ ಸಿಸ್ಟರ್‌ಗಳನ್ನು ಕೇಳಿ ನೋಡಿ. ಚೀಟಿ ನೋಡುವ ಮೊದಲೇ ಅವರು ಗುರುತು ಹಿಡಿಯುವ ಕೆಲವು ರೋಗಿಗಳಿರುತ್ತಾರೆ. ಚಳಿ ಶುರುವಾದೊಡನೆ ದಮ್ಮು ಹತ್ತಿ ನೆಬ್ಯುಲೈಸರ್‌ಗಾಗಿ ಬರುವ ಅಜ್ಜ, ಕಾಲು ಊದಿ, ಮಲಗಲಾರದೆ, ಏದುಸಿರು ಬಿಡುತ್ತ ಆಟೋದಿಂದ ಇಳಿಯುವ ಹೃದ್ರೋಗಿ ಹೆಂಗಸು, ಮಾತ್ರೆ ಮುಗಿದು ಫಿಟ್ಸ್ ಬಂದ ಕಟ್ಟಡ ಕಾರ್ಮಿಕ, ಒಂದು ಸರದಿ ಡಯಾಲಿಸಿಸ್ ತಪ್ಪಿ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡವರು, ಕುಡಿತ ಬಿಟ್ಟ ಎರಡನೆಯ ದಿನವೋ ಮೂರನೆಯ ದಿನವೋ ಕೈಕಾಲು ನಡುಗಿ ಭ್ರಮೆಗೆ ಬಿದ್ದವರು. ಆ ಹೊತ್ತಿಗೆ ಬೇಕಾದ ಚಿಕಿತ್ಸೆ ಸಿಗುತ್ತದೆ, ಚೇತರಿಸಿಕೊಳ್ಳುತ್ತಾರೆ, ಮನೆಗೆ ಹೋಗುತ್ತಾರೆ. ಕೆಲವು ವಾರಗಳಲ್ಲಿ ಮತ್ತೆ ಬರುತ್ತಾರೆ.

ಇವರನ್ನು ಕಂಡರೆ ಆಸ್ಪತ್ರೆಗಳಲ್ಲಿ ಬೇಸರ ಹುಟ್ಟುವುದುಂಟು. ಅನವಶ್ಯಕವಾಗಿ ಬರುತ್ತಾರೆ, ನಿಜವಾದ ತುರ್ತು ರೋಗಿಗಳ ಜಾಗ ಕಬಳಿಸುತ್ತಾರೆ ಎಂಬ ಮಾತು ವೈದ್ಯರ ಕೋಣೆಯಲ್ಲೂ ಸಾರ್ವಜನಿಕ ಚರ್ಚೆಯಲ್ಲೂ ಕೇಳಿಬರುತ್ತದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಮೇಲೆ ಹೇಳಿದವರಲ್ಲಿ ಒಬ್ಬರ ಕಾಯಿಲೆಯೂ ಸುಳ್ಳಲ್ಲ, ಒಬ್ಬರ ತುರ್ತೂ ನಟನೆಯಲ್ಲ. ತಪ್ಪಿರುವುದು ಎರಡು ಭೇಟಿಗಳ ನಡುವಿನ ವಾರಗಳಲ್ಲಿ. ಆ ವಾರಗಳಲ್ಲಿ ರೋಗಿಯ ಬಗ್ಗೆ ಯಾರಿಗೂ ಹೊಣೆ ಇರುವುದಿಲ್ಲ.

ಆ ಹೊಣೆಯನ್ನು ಹೆಸರಿಟ್ಟು ಒಬ್ಬ ನರ್ಸ್‌ಗೆ ವಹಿಸುವ ಪದ್ಧತಿ ಹಲವು ದೇಶಗಳಲ್ಲಿ ಮೂರು ದಶಕಗಳಿಂದ ಪ್ರಯೋಗದಲ್ಲಿದೆ. ಕೇಸ್ ಮ್ಯಾನೇಜ್‌ಮೆಂಟ್ ಎಂದು ಅದನ್ನು ಕರೆಯುತ್ತಾರೆ. ಪದೇ ಪದೇ ಬರುವ ರೋಗಿಗಳ ಪಟ್ಟಿಯನ್ನು ಅನುಭವಿ ನರ್ಸ್ ಒಬ್ಬರು ಇಟ್ಟುಕೊಳ್ಳುತ್ತಾರೆ. ಪ್ರತಿಯೊಬ್ಬರ ಜೊತೆ ಕೂತು, ಏಕೆ ಬರಬೇಕಾಗುತ್ತಿದೆ ಎಂದು ವಿಚಾರಿಸಿ, ವೈದ್ಯರ ಜೊತೆ ಚರ್ಚಿಸಿ ಒಂದು ಯೋಜನೆ ಬರೆಯುತ್ತಾರೆ. ಫೋನ್ ಮಾಡುತ್ತಾರೆ, ಅಗತ್ಯವಿದ್ದರೆ ಮನೆಗೆ ಹೋಗುತ್ತಾರೆ, ತಜ್ಞರ ಭೇಟಿಗೆ ದಿನ ಗೊತ್ತುಮಾಡುತ್ತಾರೆ, ಪಿಂಚಣಿ ಅಥವಾ ಕಾರ್ಡಿನ ತೊಡಕಿದ್ದರೆ ಸಮಾಜ ಕಾರ್ಯಕರ್ತರಿಗೆ ದಾಟಿಸುತ್ತಾರೆ. ರೋಗಿ ಮತ್ತೆ ತುರ್ತು ಘಟಕಕ್ಕೆ ಬಂದಾಗ ಅಲ್ಲಿನ ವೈದ್ಯರ ಕೈಗೆ ಆ ಯೋಜನೆ ಸಿಗುವಂತೆ ನೋಡಿಕೊಳ್ಳುತ್ತಾರೆ.

ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಾರಿ ತುರ್ತು ಘಟಕಕ್ಕೆ ಬಂದವರನ್ನು ಈ ಗುಂಪಿಗೆ ಸೇರಿಸುತ್ತಾರೆ. 2010ರಲ್ಲಿ ಅಮೆರಿಕದ ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಪರಾಮರ್ಶೆಯ ಪ್ರಕಾರ ಇಂಥವರು ತುರ್ತು ಘಟಕದ ರೋಗಿಗಳಲ್ಲಿ ಶೇಕಡಾ 4.5ರಿಂದ 8ರಷ್ಟು ಮಾತ್ರ. ಆದರೆ ಒಟ್ಟು ಭೇಟಿಗಳಲ್ಲಿ ಅವರ ಪಾಲು ಶೇಕಡಾ 21ರಿಂದ 28. ಇಂಗ್ಲೆಂಡಿನ ಕುರಿತು ಬ್ರಿಟಿಷ್ ರೆಡ್ ಕ್ರಾಸ್ 2021ರಲ್ಲಿ ಪ್ರಕಟಿಸಿದ ವರದಿಯೂ ಇದನ್ನೇ ಹೇಳಿತು: ಜನಸಂಖ್ಯೆಯ ಶೇಕಡಾ ಒಂದಕ್ಕಿಂತ ಕಡಿಮೆ ಜನ, ತುರ್ತು ಘಟಕದ ಭೇಟಿಗಳಲ್ಲಿ ಶೇಕಡಾ 16ಕ್ಕೂ ಹೆಚ್ಚು. ಬಡತನ, ಒಂಟಿತನ, ಮನೆಯಿಲ್ಲದಿರುವುದು ಇವೆಲ್ಲ ಆ ಸಂಖ್ಯೆಯ ಹಿಂದೆ ಇದ್ದವು.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ

ಹೃದಯ ವೈಫಲ್ಯದ ರೋಗಿಯನ್ನು ತೆಗೆದುಕೊಳ್ಳಿ. ಹೃದಯದ ಪಂಪಿಂಗ್ ಶಕ್ತಿ ಕುಂದಿದಾಗ ದೇಹದಲ್ಲಿ ನೀರು ನಿಲ್ಲುತ್ತದೆ. ಅದು ಒಂದೇ ರಾತ್ರಿಯಲ್ಲಿ ನಿಲ್ಲುವುದಿಲ್ಲ, ದಿನಗಟ್ಟಲೆ ಸೇರುತ್ತ ಹೋಗುತ್ತದೆ. ಎರಡು ಮೂರು ದಿನಗಳಲ್ಲಿ ತೂಕ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಮೊದಲು ಪಾದ ಊದುತ್ತದೆ, ಆಮೇಲೆ ಎರಡು ದಿಂಬಿಲ್ಲದೆ ಮಲಗಲಾಗುವುದಿಲ್ಲ, ಕೊನೆಗೆ ನಡುರಾತ್ರಿ ಉಸಿರು ಕಟ್ಟಿದಂತಾಗಿ 108ಕ್ಕೆ ಕರೆ ಮಾಡಬೇಕಾಗುತ್ತದೆ. ಅಂದರೆ ತುರ್ತು ಸ್ಥಿತಿಗೆ ಮುಂಚೆ ಐದಾರು ದಿನ ಅದು ತನ್ನ ಬರವನ್ನು ತಿಳಿಸುತ್ತಲೇ ಇರುತ್ತದೆ. ಆ ಸೂಚನೆಗಳನ್ನು ಓದುವವರು ಮನೆಯಲ್ಲಿ ಇರುವುದಿಲ್ಲ ಅಷ್ಟೆ.

ನರ್ಸ್ ಇಲ್ಲಿ ಮಾಡುವ ಕೆಲಸ ಹೊರನೋಟಕ್ಕೆ ತೀರಾ ಸಣ್ಣದು. ದಿನಾ ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ ತೂಕ ನೋಡಿ ಬರೆದಿಡಲು ಹೇಳುವುದು, ಮನೆಯಲ್ಲಿ ತೂಕದ ಯಂತ್ರವೇ ಇಲ್ಲವೆಂದಾದರೆ ಒಂದನ್ನು ಒದಗಿಸುವುದು, ಉಪ್ಪಿನಕಾಯಿ ಹಪ್ಪಳಗಳ ಲೆಕ್ಕ ಕೇಳುವುದು. ನೀರಿನ ಮಾತ್ರೆಯನ್ನು, ಅಂದರೆ ದೇಹದಲ್ಲಿ ನಿಂತ ನೀರನ್ನು ಮೂತ್ರದ ಮೂಲಕ ಹೊರಹಾಕುವ ಮಾತ್ರೆಯನ್ನು, ದಿನವೂ ತೆಗೆದುಕೊಳ್ಳುತ್ತಿದ್ದಾರೆಯೇ ಅಥವಾ ಬಸ್ಸಿನಲ್ಲಿ ಹೋಗುವ ದಿನ ಮೂತ್ರದ ತೊಂದರೆಯಾಗುತ್ತದೆಂದು ಬಿಟ್ಟುಬಿಡುತ್ತಿದ್ದಾರೆಯೇ ಎಂದು ವಿಚಾರಿಸುವುದು. ಕೆಲಸಕ್ಕೆ ಹೋಗುವ ಹೆಂಗಸರಿಗೆ ದಾರಿಯಲ್ಲಿ ಶೌಚಾಲಯ ಸಿಗದ ಈ ಊರಿನಲ್ಲಿ ಮಾತ್ರೆ ಬಿಡುವುದಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಇನ್ನೊಂದು ಸಂಗತಿ ವೈದ್ಯರ ಕಣ್ಣಿಗೂ ತಪ್ಪುತ್ತದೆ: ಮಂಡಿ ನೋವಿಗೆಂದು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ನುಂಗುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ. ಅದು ದೇಹದಲ್ಲಿ ಉಪ್ಪು ನೀರು ಹಿಡಿದಿಡುತ್ತದೆ, ಹೃದಯ ವೈಫಲ್ಯವನ್ನು ಉಲ್ಬಣಿಸುತ್ತದೆ, ಕಿಡ್ನಿಗೂ ಪೆಟ್ಟು ಕೊಡುತ್ತದೆ. ಓಪಿಡಿಯ ಮೂರು ನಿಮಿಷಗಳಲ್ಲಿ ಈ ವಿಷಯ ಹೊರಬರುವುದು ಕಷ್ಟ. ಮನೆಯ ಕಿಟಕಿಯ ಮೇಲಿಟ್ಟ ಮಾತ್ರೆಯ ಡಬ್ಬಿ ತೆರೆದು ನೋಡಿದರೆ ಕ್ಷಣದಲ್ಲಿ ತಿಳಿಯುತ್ತದೆ.

ಇದು ಕೇವಲ ಆಶಯವಲ್ಲ. 1995ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 70 ದಾಟಿದ 282 ಹೃದಯ ವೈಫಲ್ಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ನರ್ಸ್ ನೇತೃತ್ವದ ಆರೈಕೆ ಕೊಟ್ಟರು. ತಿಳಿವಳಿಕೆ, ಆಹಾರ, ಮಾತ್ರೆಗಳ ಪರಿಶೀಲನೆ, ಬಿಡುಗಡೆಯ ನಂತರ ಮನೆಭೇಟಿ ಮತ್ತು ಫೋನ್ ಅದರಲ್ಲಿದ್ದವು. ಮೂರು ತಿಂಗಳೊಳಗೆ ಹೃದಯ ವೈಫಲ್ಯಕ್ಕಾಗಿ ಮತ್ತೆ ದಾಖಲಾಗುವುದು ಆ ಗುಂಪಿನಲ್ಲಿ ಶೇಕಡಾ 56ರಷ್ಟು ಕಡಿಮೆಯಾಯಿತು. ಮುಂದೆ ಇತರ ದೇಶಗಳಲ್ಲಿ ನಡೆದ ಅಧ್ಯಯನಗಳೂ ಈ ಕಾಯಿಲೆಯ ಮಟ್ಟಿಗೆ ನರ್ಸ್‌ಗಳ ನಿಗಾ ಕೆಲಸ ಮಾಡುತ್ತದೆ ಎಂಬುದನ್ನು ಒತ್ತಿ ಹೇಳಿವೆ.

ಸಾಕ್ಷ್ಯ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು

ಇಲ್ಲಿ ಎಚ್ಚರ ಬೇಕು. ಒಂದು ಕಾಯಿಲೆಗೆ ಸಿಕ್ಕ ಫಲ, ತುರ್ತು ಘಟಕಕ್ಕೆ ಪದೇ ಪದೇ ಬರುವ ಎಲ್ಲರಿಗೂ ಸಿಗುತ್ತದೆ ಎಂದುಕೊಳ್ಳುವಂತಿಲ್ಲ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕ್ಯಾಮ್ಡೆನ್ ಎಂಬ ಬಡ ನಗರದಲ್ಲಿ ವೈದ್ಯ ಜೆಫ್ರಿ ಬ್ರೆನ್ನರ್ ಕಟ್ಟಿದ ತಂಡ ಈ ಕ್ಷೇತ್ರದಲ್ಲಿ ಬಹಳ ಹೆಸರು ಮಾಡಿತ್ತು. ನರ್ಸ್‌ಗಳು, ಸಮಾಜ ಕಾರ್ಯಕರ್ತರು, ಸಮುದಾಯ ಆರೋಗ್ಯ ಕಾರ್ಯಕರ್ತರು ಸೇರಿ, ಮತ್ತೆ ಮತ್ತೆ ಆಸ್ಪತ್ರೆಗೆ ದಾಖಲಾಗುವವರ ಮನೆಗೇ ಹೋಗುತ್ತಿದ್ದರು. ಭೇಟಿಗಳು ಇಳಿದವು ಎಂದು ಎಲ್ಲರೂ ಮೆಚ್ಚಿದರು. ಆಮೇಲೆ ಆ ತಂಡ ಒಂದು ದಿಟ್ಟ ಕೆಲಸ ಮಾಡಿತು. ತನ್ನ ಕಾರ್ಯಕ್ರಮವನ್ನು ತಾನೇ ಕಠಿಣ ಪರೀಕ್ಷೆಗೆ ಒಡ್ಡಿತು. 800 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಲಾಯಿತು. 2020ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯಿತು: 180 ದಿನಗಳೊಳಗೆ ಮತ್ತೆ ದಾಖಲಾದವರು ಕಾರ್ಯಕ್ರಮದ ಗುಂಪಿನಲ್ಲಿ ಶೇಕಡಾ 62.3, ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇಕಡಾ 61.7. ವ್ಯತ್ಯಾಸವೇ ಇರಲಿಲ್ಲ.

ಕಾರ್ಯಕ್ರಮದ ಗುಂಪನ್ನು ಮಾತ್ರ ನೋಡಿದ್ದರೆ ಆರು ತಿಂಗಳ ಹಿಂದಿಗೂ ಮುಂದಿಗೂ ಶೇಕಡಾ 38 ಅಂಶಗಳ ಇಳಿಕೆ ಕಾಣುತ್ತಿತ್ತು. ಆದರೆ ಇನ್ನೊಂದು ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿಕೆ ಆಗಿತ್ತು. ಕಾರಣ ಸರಳ. ಪದೇ ಪದೇ ಬರುವವರನ್ನು ನಾವು ಹುಡುಕುವುದೇ ಅವರ ಕಾಯಿಲೆ ಉತ್ತುಂಗದಲ್ಲಿದ್ದಾಗ. ಅಲ್ಲಿಂದ ಮುಂದೆ ಕೆಲವರು ಸುಧಾರಿಸುತ್ತಾರೆ, ಕೆಲವರು ಊರು ಬಿಡುತ್ತಾರೆ, ಕೆಲವರು ತೀರಿಕೊಳ್ಳುತ್ತಾರೆ. ಯಾರೂ ಏನೂ ಮಾಡದಿದ್ದರೂ ಭೇಟಿಗಳ ಸಂಖ್ಯೆ ಇಳಿಯುತ್ತದೆ. ಉಬ್ಬಿದ ಹೊಳೆ ತಾನಾಗಿ ಇಳಿದಾಗ, ದಡದಲ್ಲಿ ಪೂಜೆ ಮಾಡಿದವರಿಗೆ ಅದರ ಕೀರ್ತಿ ಹೋದಂತೆ. ಹೋಲಿಕೆಯ ಗುಂಪಿಲ್ಲದೆ "ಭೇಟಿಗಳು ಅರ್ಧಕ್ಕಿಳಿದವು" ಎಂದು ಯಾರಾದರೂ ಹೇಳಿದರೆ, ಬೆಂಗಳೂರಿನಲ್ಲಾಗಲಿ ಬೇರೆಲ್ಲಾಗಲಿ, ಆ ಮಾತನ್ನು ಬದಿಗಿಟ್ಟು ಮುಂದಿನ ಪ್ರಶ್ನೆ ಕೇಳಬೇಕು.

ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಡೆದ ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ವರ್ಷಕ್ಕೆ ಐದು ಅಥವಾ ಹೆಚ್ಚು ಬಾರಿ ತುರ್ತು ಘಟಕಕ್ಕೆ ಬಂದಿದ್ದ 250 ಮಂದಿ, ನರ್ಸ್‌ಗಳೇ ಮುಖ್ಯವಾಗಿದ್ದ ಸಂಚಾರಿ ತಂಡ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮುಂದಿನ ಹನ್ನೆರಡು ತಿಂಗಳಲ್ಲಿ ಸರಾಸರಿ ಭೇಟಿಗಳು ತಂಡದ ನಿಗಾ ಪಡೆದ ಗುಂಪಿನಲ್ಲಿ 2.71, ಮಾಮೂಲಿ ಆರೈಕೆಯ ಗುಂಪಿನಲ್ಲಿ 3.35. ಶೇಕಡಾ 19ರಷ್ಟು ಕಡಿಮೆ, ಆದರೆ ಸಂಖ್ಯಾಶಾಸ್ತ್ರದ ಪ್ರಕಾರ ಅದು ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳುವಷ್ಟು ಗಟ್ಟಿಯಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನರ್ಸ್‌ಗಳು ಇಂಥದೇ ಕೆಲಸ ಮಾಡಿದಾಗ ರೋಗಿಗಳ ಮಾನಸಿಕ ಸಂಕಟ ತಗ್ಗಿತು, ತಮ್ಮ ಹಿಂದೆ ಯಾರೋ ಇದ್ದಾರೆ ಎಂಬ ಭದ್ರತೆಯ ಭಾವ ಹೆಚ್ಚಿತು.

ಇದನ್ನೆಲ್ಲ ಓದಿದಾಗ ನನಗೆ ತೋಚುವುದಿಷ್ಟು. ಮುನ್ಸೂಚನೆ ಕೊಟ್ಟು ಬರುವ, ಮದ್ದಿರುವ, ಅಳೆಯಬಹುದಾದ ಕಾಯಿಲೆಗಳಲ್ಲಿ ನರ್ಸ್‌ನ ನಿಗಾ ಭೇಟಿಗಳನ್ನು ನಿಜಕ್ಕೂ ಕಡಿಮೆ ಮಾಡಬಲ್ಲದು. ಮನೆಯಿಲ್ಲದಿರುವುದು, ಕುಡಿತ, ತೀವ್ರ ಬಡತನ ಇವು ಒಂದರ ಮೇಲೊಂದು ಬಿದ್ದ ಬದುಕುಗಳಲ್ಲಿ ಸಂಕಟ ತಗ್ಗಿಸಬಲ್ಲದು. ಅಲ್ಲಿ ಭೇಟಿಗಳ ಸಂಖ್ಯೆ ಇಳಿಯಬೇಕಾದರೆ ನರ್ಸ್ ಕಳುಹಿಸುವ ಜಾಗದಲ್ಲಿ ಸೇವೆ ಇರಬೇಕು. ಕ್ಯಾಮ್ಡೆನ್‌ನಲ್ಲಿ ತಂಡಕ್ಕೆ ಶ್ರದ್ಧೆಯ ಕೊರತೆ ಇರಲಿಲ್ಲ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಮನೆಭೇಟಿ ಮತ್ತು ವೈದ್ಯರ ಭೇಟಿ ಎರಡೂ ನಡೆಯಬೇಕೆಂಬ ಗುರಿ ಬಹುಪಾಲು ರೋಗಿಗಳ ವಿಷಯದಲ್ಲಿ ಈಡೇರಲಿಲ್ಲ.

ಅಂಗಾಂಗಗಳ ಪ್ರಕಾರ ಹಂಚಿಹೋದ ಊರು

ಬೆಂಗಳೂರಿನ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಹೆಮ್ಮೆ ಪಡಬೇಕಾದ ಸಂಸ್ಥೆಗಳಿವೆ. ಹೃದಯಕ್ಕೆ ಜಯದೇವ, ಮೆದುಳು ಮನಸ್ಸಿಗೆ ನಿಮ್ಹಾನ್ಸ್, ಕ್ಯಾನ್ಸರಿಗೆ ಕಿದ್ವಾಯಿ, ಶ್ವಾಸಕೋಶಕ್ಕೆ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಕಿಡ್ನಿಗೆ ವಿಕ್ಟೋರಿಯಾ ಆವರಣದ ನೆಫ್ರೋ ಯೂರಾಲಜಿ ಸಂಸ್ಥೆ. ಒಂದೇ ಅಂಗ ಕೆಟ್ಟವರಿಗೆ ಇದು ವರದಾನ. ಆದರೆ ಪದೇ ಪದೇ ತುರ್ತು ಘಟಕಕ್ಕೆ ಬರುವವರಿಗೆ ಸಾಮಾನ್ಯವಾಗಿ ಒಂದೇ ಅಂಗದ ತೊಂದರೆ ಇರುವುದಿಲ್ಲ. ಸಕ್ಕರೆ ಕಾಯಿಲೆ, ಅದರಿಂದ ಕೆಟ್ಟ ಕಿಡ್ನಿ, ಅದರ ಜೊತೆ ಸೋತ ಹೃದಯ ಇರುವ ವ್ಯಕ್ತಿಗೆ ಮೂರು ಸಂಸ್ಥೆಗಳಲ್ಲಿ ಮೂರು ಕಡತ, ಮೂರು ಮಾತ್ರೆಯ ಪಟ್ಟಿ. ಕಿಡ್ನಿಯವರು ಕಡಿಮೆ ಮಾಡಿದ್ದನ್ನು ಹೃದಯದವರು ಏರಿಸಿರುತ್ತಾರೆ. ರಾತ್ರಿ ಹೊತ್ತು ಹತ್ತಿರವೆಂದು ಕೆ.ಸಿ. ಜನರಲ್‌ಗೋ ಬೌರಿಂಗ್‌ಗೋ ಹೋದರೆ ಅಲ್ಲಿನ ವೈದ್ಯರ ಕೈಯಲ್ಲಿ ಇವುಗಳಲ್ಲಿ ಯಾವುದೂ ಇರುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ರೋಗಿ ತಂದ ಕಾಗದಗಳೇ ಗತಿ.

ಆದ್ದರಿಂದ ಇಲ್ಲಿ ಮೊದಲ ತೊಡಕು, ಇಂಥ ರೋಗಿಯನ್ನು ಗುರುತಿಸುವುದೇ. ವರ್ಷದಲ್ಲಿ ಆರು ಬಾರಿ ತುರ್ತು ಚಿಕಿತ್ಸೆ ಪಡೆದವರು ಮೂರು ಆಸ್ಪತ್ರೆಗಳಲ್ಲಿ ಎರಡೆರಡು ಬಾರಿ ಬಂದವರಾಗಿ ಕಾಣಿಸುತ್ತಾರೆ. ಆರೋಗ್ಯ ದಾಖಲೆಗಳನ್ನು ಜೋಡಿಸಲು ಕೇಂದ್ರ ಸರ್ಕಾರ ಕೊಡುವ ಹದಿನಾಲ್ಕು ಅಂಕಿಗಳ ಆಭಾ ಸಂಖ್ಯೆ ಇದನ್ನು ಬಗೆಹರಿಸಬಲ್ಲದು, ಆದರೆ ತುರ್ತು ಘಟಕದ ನೋಂದಣಿ ಕಿಟಕಿಯಲ್ಲಿ ಅದನ್ನು ಕೇಳಿ, ಬೇರೆ ಆಸ್ಪತ್ರೆಯ ಬಿಡುಗಡೆ ಪತ್ರ ತೆರೆದು ನೋಡುವ ಅಭ್ಯಾಸ ಬೆಳೆದರೆ ಮಾತ್ರ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಅನುಭವ ಇಲ್ಲಿ ಪಾಠವಾಗುವಂಥದ್ದು. ಬಡವರ ಸರ್ಕಾರಿ ವಿಮೆಯವರಿಗೆ ತುರ್ತು ಅಲ್ಲದ ಭೇಟಿಗಳನ್ನು ವರ್ಷಕ್ಕೆ ಮೂರಕ್ಕೆ ಸೀಮಿತಗೊಳಿಸಲು ಆ ಸರ್ಕಾರ 2011ರಲ್ಲಿ ಹೊರಟಿತು. ನ್ಯಾಯಾಲಯ ತಡೆಯಿತು. ಬಳಿಕ 2012ರಲ್ಲಿ ಆಸ್ಪತ್ರೆಗಳು ಪರಸ್ಪರ ಮಾಹಿತಿ ಹಂಚಿಕೊಂಡು, ಪದೇ ಪದೇ ಬರುವವರಿಗೆ ಆರೈಕೆ ಯೋಜನೆ ಬರೆಯುವ ದಾರಿ ಹಿಡಿದವು. ಮೊದಲ ವರ್ಷದಲ್ಲಿ ಭೇಟಿಗಳು ಶೇಕಡಾ ಹತ್ತರ ಹತ್ತಿರ ಇಳಿದವು. ಇದು ಹಿಂದುಮುಂದಿನ ಹೋಲಿಕೆ ಎಂಬುದನ್ನು ಮರೆಯಬಾರದು, ಕ್ಯಾಮ್ಡೆನ್‌ನ ಎಚ್ಚರಿಕೆ ಇಲ್ಲಿಗೂ ಅನ್ವಯಿಸುತ್ತದೆ. ಆದರೂ ಬಾಗಿಲು ಮುಚ್ಚುವುದಕ್ಕಿಂತ ಇದು ಮಾನವೀಯ ದಾರಿ. ನಮ್ಮಲ್ಲಿ ಬಾಗಿಲು ಮುಚ್ಚಲು ಕಾನೂನೂ ಬಿಡುವುದಿಲ್ಲ: ತುರ್ತು ಸ್ಥಿತಿಯಲ್ಲಿ ಬಂದವರಿಗೆ ಚಿಕಿತ್ಸೆ ಕೊಡುವುದು ಪ್ರತಿ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಎರಡನೆಯ ತೊಡಕು ಹಣದ್ದು, ಮತ್ತು ಇದೇ ಬೇರಿನಲ್ಲಿರುವುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಆದರೆ ಅದು ಮುಖ್ಯವಾಗಿ ದಾಖಲಾತಿ ಮತ್ತು ಶಸ್ತ್ರಚಿಕಿತ್ಸೆಯ ಪ್ಯಾಕೇಜುಗಳ ಲೆಕ್ಕದಲ್ಲಿ ನಡೆಯುತ್ತದೆ. ಉಸಿರುಗಟ್ಟಿ ಐಸಿಯು ಸೇರಿದರೆ ಹಣ ಸಂದಾಯವಾಗುತ್ತದೆ. ಐಸಿಯು ತಪ್ಪಿಸಲು ನರ್ಸ್ ಮಾಡಿದ ಇಪ್ಪತ್ತು ಫೋನ್ ಕರೆಗಳಿಗೆ ಅಲ್ಲಿ ಪ್ಯಾಕೇಜ್ ಇಲ್ಲ. ಆಸ್ಪತ್ರೆಯ ಆಡಳಿತಗಾರರು ಕೆಟ್ಟವರಾದ್ದರಿಂದ ಈ ಕೆಲಸ ನಡೆಯುತ್ತಿಲ್ಲ ಎಂದುಕೊಳ್ಳಬೇಕಿಲ್ಲ. ಯಾವ ಲೆಕ್ಕಶೀರ್ಷಿಕೆಯಲ್ಲೂ ಸೇರದ ಕೆಲಸ ಸರ್ಕಾರಿ ಕಚೇರಿಯಲ್ಲಿ ಕೆಲಸವೆನಿಸಿಕೊಳ್ಳುವುದೇ ಇಲ್ಲ.

ಮೂರನೆಯದು ನರ್ಸ್‌ಗಳ ಸ್ಥಿತಿ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯಲ್ಲಿ ನೂರಾರು ನರ್ಸಿಂಗ್ ಕಾಲೇಜುಗಳಿವೆ, ದೇಶಕ್ಕೂ ಹೊರದೇಶಕ್ಕೂ ನರ್ಸ್‌ಗಳನ್ನು ಕಳುಹಿಸುವ ನಗರ ಇದು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬ ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಯಾವುದೇ ಸರ್ಕಾರಿ ವಾರ್ಡಿಗೆ ಒಂದು ಸಂಜೆ ಹೋಗಿ ನಿಂತರೆ ಅದು ಎಷ್ಟು ದೂರದ ಮಾತೆಂದು ಗೊತ್ತಾಗುತ್ತದೆ. ಇರುವವರಲ್ಲಿ ಅನೇಕರು ಗುತ್ತಿಗೆಯವರು. ಈ ಕೆಲಸದ ಜೀವಾಳವೇ ಒಬ್ಬರೇ ವ್ಯಕ್ತಿ, ಒಂದೇ ದನಿ, ತಿಂಗಳುಗಟ್ಟಲೆ ಬೆಳೆದ ಪರಿಚಯ. ಹನ್ನೊಂದು ತಿಂಗಳಿಗೊಮ್ಮೆ ಗುತ್ತಿಗೆ ನವೀಕರಣಕ್ಕೆ ಕಾಯುವವರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಹಾಗೆಂದು ಆಶಾ ಕಾರ್ಯಕರ್ತೆಯರ ತಲೆಗೆ ಇದನ್ನೂ ಕಟ್ಟಿಬಿಡುವ ಆಲೋಚನೆ ಯಾರಿಗಾದರೂ ಬಂದರೆ, ದಯವಿಟ್ಟು ಬೇಡ. 2025ರ ಜನವರಿಯ ಚಳಿಯಲ್ಲಿ ಅವರು ಸ್ವಾತಂತ್ರ್ಯ ಉದ್ಯಾನದಲ್ಲಿ ಕೂತು ಗೌರವಧನಕ್ಕಾಗಿ ಧರಣಿ ನಡೆಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಮನೆ ತೋರಿಸಲು, ನೆರೆಹೊರೆಯ ಸ್ಥಿತಿ ತಿಳಿಯಲು ಅವರಷ್ಟು ಬಲ್ಲವರಿಲ್ಲ, ಆ ನೆರವಿಗೆ ಪ್ರತ್ಯೇಕ ಸಂಭಾವನೆ ಕೊಡಲೇಬೇಕು. ಆದರೆ ನೀರಿನ ಮಾತ್ರೆಯ ಪ್ರಮಾಣ ಬದಲಿಸುವ ತೀರ್ಮಾನಕ್ಕೆ ಬೇಕಾದ ತರಬೇತಿ ಬೇರೆ.

ಈ ತೀರ್ಮಾನದ ಅಧಿಕಾರವೇ ನನ್ನ ಪ್ರಕಾರ ಇಡೀ ವಿಷಯದ ಮರ್ಮ. ನರ್ಸ್ ಫೋನ್ ಮಾಡಿ ತೂಕ ಏರಿದೆ ಎಂದು ತಿಳಿದುಕೊಂಡು, "ನಾಳೆ ಓಪಿಡಿಗೆ ಬನ್ನಿ" ಎಂದಷ್ಟೇ ಹೇಳಬೇಕಾದರೆ ಆ ಫೋನ್ ವ್ಯರ್ಥ. ಓಪಿಡಿಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ, ಬರದಿದ್ದರೆ ಮೂರನೆಯ ರಾತ್ರಿ ಕ್ಯಾಷುಯಾಲ್ಟಿ. ಬದಲಿಗೆ ವೈದ್ಯರು ಮೊದಲೇ ಸಹಿ ಮಾಡಿದ ಲಿಖಿತ ಸೂಚನೆಯ ಮಿತಿಯೊಳಗೆ, "ಮೂರು ದಿನ ಬೆಳಿಗ್ಗೆ ಒಂದು ಮಾತ್ರೆ ಹೆಚ್ಚಿಗೆ ತೆಗೆದುಕೊಳ್ಳಿ, ನಾಡಿದ್ದು ನಾನೇ ಫೋನ್ ಮಾಡುತ್ತೇನೆ" ಎಂದು ಹೇಳುವಂತಾಗಬೇಕು. ಅನುಮಾನವಿದ್ದರೆ ಅಲ್ಲಿಂದಲೇ ತಜ್ಞರಿಗೆ ಕರೆ ಹೋಗಬೇಕು. ಆರೋಗ್ಯ ಕಾರ್ಯಕರ್ತರು ರೋಗಿಯ ಪರವಾಗಿ ವೈದ್ಯರನ್ನು ದೂರದಿಂದ ಸಂಪರ್ಕಿಸುವುದಕ್ಕೆ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯೇ ಅವಕಾಶ ಕೊಟ್ಟಿದೆ. ಅಡ್ಡಿಯಿರುವುದು ಕಾನೂನಿಗಿಂತ ಹೆಚ್ಚಾಗಿ ವೈದ್ಯ ಮತ್ತು ನರ್ಸ್ ನಡುವಿನ ಹಳೆಯ ಮೇಲುಕೀಳಿನಲ್ಲಿ.

ಇದೇ ನಗರದಲ್ಲಿ ಇದಕ್ಕೊಂದು ಮೇಲ್ಪಂಕ್ತಿಯೂ ಇದೆ. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗಾಗಿ 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್, ಅಂದರೆ ಕರುಣಾಶ್ರಯ, ಮನೆಮನೆಗೆ ಹೋಗುವ ಆರೈಕೆಯನ್ನು ನರ್ಸ್ ಮತ್ತು ಆಪ್ತಸಮಾಲೋಚಕರ ಮೂಲಕವೇ ಉಚಿತವಾಗಿ ನಡೆಸಿಕೊಂಡು ಬಂದಿದೆ. ಕ್ಯಾನ್ಸರಿನ ನೋವಿಗೆ ಮಾಡಬಹುದಾದದ್ದನ್ನು ಸೋತ ಹೃದಯಕ್ಕೂ ದಮ್ಮಿಗೂ ಮಾಡಲಾಗದು ಎನ್ನಲು ಕಾರಣ ಕಾಣುವುದಿಲ್ಲ.

ಆರಂಭ ಹೇಗೆ

ಇಡೀ ನಗರಕ್ಕೆ ಒಂದೇ ಬಾರಿ ಯೋಜನೆ ಘೋಷಿಸುವುದು ಬೇಡ. ಎರಡು ಅಥವಾ ಮೂರು ಸರ್ಕಾರಿ ಆಸ್ಪತ್ರೆ ಸಾಕು. ಹೃದಯ ವೈಫಲ್ಯ, ದಮ್ಮು, ಅಪಸ್ಮಾರ, ಡಯಾಲಿಸಿಸ್ ಈ ನಾಲ್ಕರಿಂದ ಶುರು ಮಾಡಬಹುದು. ಅಪಸ್ಮಾರದ ವಿಷಯದಲ್ಲಂತೂ ಕೆಲಸ ಬಹುಪಾಲು ಮಾತ್ರೆ ಮುಗಿಯದಂತೆ ನೋಡಿಕೊಳ್ಳುವುದೇ. ಹಬ್ಬಕ್ಕೆ ಊರಿಗೆ ಹೋಗುವ ಕಾರ್ಮಿಕನಿಗೆ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಿಸಿದರೆ ಒಂದು ಫಿಟ್ಸ್, ಅದರಿಂದಾಗುವ ಒಂದು ಸುಟ್ಟಗಾಯ ಅಥವಾ ಬೀಳುವಿಕೆ ತಪ್ಪೀತು. ದಮ್ಮಿನವರಿಗೆ ಔಷಧ ಸೇದುವ ಪಂಪ್ (ಇನ್‌ಹೇಲರ್) ಹಿಡಿಯುವ ಕ್ರಮವನ್ನು ಪ್ರತಿ ಬಾರಿ ಎದುರಿಗೆ ಮಾಡಿಸಿ ನೋಡಬೇಕು, ಔಷಧ ಬಾಯಿಯಲ್ಲೇ ಉಳಿದು ಶ್ವಾಸಕೋಶಕ್ಕೆ ಇಳಿಯದವರು ಬಹಳ ಮಂದಿ. ಕುಡಿತದ ಸಮಸ್ಯೆಯವರನ್ನು ಕೈಬಿಡುವ ಮಾತಲ್ಲ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಟೆಲಿ ಮಾನಸ್‌ನ 14416 ಮಾನಸಿಕ ಆರೋಗ್ಯ ಸಹಾಯವಾಣಿ ಇವೆ. ಆದರೆ ಅವರ ನಿಗಾಕ್ಕೆ ಬೇರೆ ಅನುಭವದ ನರ್ಸ್ ಬೇಕು, ಮೊದಲ ತಂಡದ ಮೇಲೆ ಎಲ್ಲವನ್ನೂ ಹೇರಿದರೆ ಯಾವುದೂ ಆಗುವುದಿಲ್ಲ.

ಮಾಮೂಲಿ ಮಾತ್ರೆ, ರಕ್ತದೊತ್ತಡ, ಸಕ್ಕರೆ ಪರೀಕ್ಷೆಗೆ ನಗರದ ವಾರ್ಡುಗಳಲ್ಲಿ ಸರ್ಕಾರದ 'ನಮ್ಮ ಕ್ಲಿನಿಕ್' ಇದೆ. ಆಸ್ಪತ್ರೆಯ ನರ್ಸ್ ಮತ್ತು ಆ ಕ್ಲಿನಿಕ್‌ನ ವೈದ್ಯರು ಒಬ್ಬರನ್ನೊಬ್ಬರು ಹೆಸರಿನಿಂದ ಬಲ್ಲವರಾದರೆ, ಹೃದ್ರೋಗಿ ಹೆಂಗಸು ನಾಲ್ಕು ಮಾತ್ರೆಗಾಗಿ ನಗರದ ಇನ್ನೊಂದು ತುದಿಗೆ ಹೋಗಬೇಕಾಗುವುದಿಲ್ಲ.

ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಎಂಬುದಕ್ಕೆ ಗಟ್ಟಿಯಾದ ಮಿತಿ ಇರಬೇಕು, ವಾರ್ಡಿನಲ್ಲಿ ಜನ ಕಡಿಮೆಯಾದ ದಿನ ಅವರನ್ನು ಅಲ್ಲಿಗೆ ಎಳೆಯಬಾರದು. ಅವರಿಗೆ ಆಸ್ಪತ್ರೆಯ ಮೊಬೈಲ್, ಓಡಾಟದ ಖರ್ಚು, ಸಂಜೆಯ ಮನೆಭೇಟಿಗೆ ಜೊತೆಗಾರರು ಬೇಕು. ಪಟ್ಟಿಗೆ ಸೇರಿಸುವ ಮುನ್ನ ರೋಗಿಯ ಒಪ್ಪಿಗೆ ಪಡೆಯಬೇಕು, ಕುಡಿತ, ಮಾನಸಿಕ ಕಾಯಿಲೆ, ಎಚ್‌ಐವಿಯಂಥ ವಿವರಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಕೂಡದು. "ಪದೇ ಪದೇ ಬರುವವರು" ಎಂಬ ಗುರುತು ಕಂಪ್ಯೂಟರಿನಲ್ಲಿ ಕಂಡೊಡನೆ ನಿಜವಾದ ಹೃದಯಾಘಾತವನ್ನೂ ಹಗುರವಾಗಿ ನೋಡುವ ಅಪಾಯ ದೊಡ್ಡದು. ಆ ಗುರುತಿನ ಜೊತೆ ಆರೈಕೆ ಯೋಜನೆ ಇಲ್ಲದಿದ್ದರೆ ಗುರುತನ್ನೇ ಹಾಕಬಾರದು.

ಅಳೆಯುವ ಕ್ರಮವನ್ನು ಮೊದಲ ದಿನವೇ ನಿಗದಿ ಮಾಡಬೇಕು. ಅರ್ಹ ರೋಗಿಗಳು ನರ್ಸ್‌ನ ಸಾಮರ್ಥ್ಯಕ್ಕಿಂತ ಹೆಚ್ಚಿರುವುದು ಖಂಡಿತ. ಹಾಗಾಗಿ ಯಾರು ಈ ಆರು ತಿಂಗಳು, ಯಾರು ಮುಂದಿನ ಆರು ತಿಂಗಳು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರೆ ಯಾರಿಗೂ ಅನ್ಯಾಯವಾಗದೆ ಹೋಲಿಕೆಯ ಗುಂಪು ತಾನಾಗಿ ಸಿಗುತ್ತದೆ. ಎಣಿಸಬೇಕಾದದ್ದು ತುರ್ತು ಭೇಟಿಗಳನ್ನು ಮಾತ್ರವಲ್ಲ. ಬೇರೆ ಆಸ್ಪತ್ರೆಗೆ ಹೋದದ್ದು, ಕಳೆದುಕೊಂಡ ಕೂಲಿಯ ದಿನಗಳು, ಸಾವು, ಹಾಗೂ ರೋಗಿಯ ಮನಸ್ಸಿನ ಸ್ಥಿತಿ ಇವೂ ಲೆಕ್ಕಕ್ಕೆ ಬರಬೇಕು. ಆಸ್ಪತ್ರೆಗೆ ಹಣ ಉಳಿಯುತ್ತದೆ ಎಂಬ ವಾದ ಮುಂದಿಟ್ಟು ಸರ್ಕಾರದಿಂದ ಅನುದಾನ ಕೇಳಬಾರದು, ಏಕೆಂದರೆ ಉಳಿಯದೆಯೂ ಇರಬಹುದು, ಆಗ ಆ ಕಾರಣಕ್ಕೇ ಯೋಜನೆಯನ್ನು ಮುಚ್ಚುತ್ತಾರೆ. ಉಸಿರುಗಟ್ಟಿ ನಡುರಾತ್ರಿ ಆಟೋ ಹುಡುಕುವ ಸಂಕಟವನ್ನು ಒಂದು ಕುಟುಂಬಕ್ಕೆ ತಪ್ಪಿಸಲು ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕವನ್ನೇ ನೇರವಾಗಿ ಬಜೆಟ್ ಮುಂದೆ ಇಡಬೇಕು.